ಮೈಸೂರು ಸ್ಕ್ವಾಡ್ರನ್ ಸ್ಪಿಟ್‌ಫೈರ್: ಕಂದು ಬಳಿಯಲೋ, ಬೂದು ಬಳಿಯಲೋ? ದಸರಾ ಒಳಗೆ ಮುಗಿಸಬೇಕು

ಗಾಂಧಿಬಜಾರ್ 72 · ಜುಲೈ 6

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮುಗಿದ ಮೇಲೆ ವಿಮಾನದ ಮಾಡೆಲ್ ಕಿಟ್ ಮುಟ್ಟಿರಲಿಲ್ಲ. 28 ವರ್ಷ ಆದಮೇಲೆ ಮತ್ತೆ ಶುರು ಮಾಡಿದ್ದೇನೆ. ಕಾರಣ ಹೇಳುತ್ತೇನೆ.

ಹೋದ ವರ್ಷ ಮನೆಯಲ್ಲಿ ದಸರಾ ಗೊಂಬೆ ಕೂರಿಸಿದಾಗ ನನ್ನ ಮಗಳು ಜಂಬೂಸವಾರಿ ಸಾಲಿನ ಪಕ್ಕ ತನ್ನ ಆಟಿಕೆ ವಿಮಾನ ಇಟ್ಟಳು. ನಮ್ಮತ್ತೆ "ಮೈಸೂರು ಗೊಂಬೆ ಮಧ್ಯೆ ವಿಮಾನಕ್ಕೇನು ಕೆಲಸ?" ಅಂತ ತೆಗೆಸಿದರು. ಮಗು ಮುಖ ಸಣ್ಣ ಮಾಡಿಕೊಂಡಿತು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಗೊತ್ತು, ಕೆಲಸ ಇದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ 129ನೇ ಸ್ಕ್ವಾಡ್ರನ್ ಇತ್ತು. ಅದರ ಪೂರ್ತಿ ಹೆಸರೇ 129 (ಮೈಸೂರು) ಸ್ಕ್ವಾಡ್ರನ್. ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಯ ನೆನಪಿಗೆ ಆ ಹೆಸರು. ಅದರ ಲಾಂಛನ ಗಂಡಭೇರುಂಡ. ನಾವು ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡುತ್ತೀವಲ್ಲ, ಅದೇ ಎರಡು ತಲೆ ಹಕ್ಕಿ. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸುತ್ತಾ ಶುರುವಾಯಿತು. ವಿಮಾನದ ಪಕ್ಕದ ಕೋಡ್ ಅಕ್ಷರ ಡಿ.ವಿ.

ಈ ಸಲ ಗೊಂಬೆ ಮೆಟ್ಟಿಲ ಮೇಲೆ ಆ ಸ್ಪಿಟ್‌ಫೈರ್ ಇಡಬೇಕು ಅಂತ ಆಸೆ. 1/72 ಅಳತೆಯ ಎರಡು ಕಿಟ್ ಇವೆ. ಒಂದು ಮಾರ್ಕ್ 1, ಇನ್ನೊಂದು ಮಾರ್ಕ್ 5. ಮೂರು ಪ್ರಶ್ನೆ:

ಕೆಲವು ಚಿತ್ರದಲ್ಲಿ ಸ್ಪಿಟ್‌ಫೈರ್ ಹಸಿರು-ಕಂದು, ಕೆಲವದರಲ್ಲಿ ಹಸಿರು-ಬೂದು. ಇದಕ್ಕೆ ಯಾವುದು? ಗಂಡಭೇರುಂಡವನ್ನು ವಿಮಾನದ ಮೂತಿಯ ಮೇಲೆ ಬರೆಯಬಹುದಾ? ಇನ್ನೊಂದು, ಈ ಮಳೆಯಲ್ಲಿ ಫ್ಲ್ಯಾಟಿನ ಯುಟಿಲಿಟಿ ಬಾಲ್ಕನಿಯಲ್ಲಿ ಏರ್‌ಬ್ರಶ್ ಹೊಡೆದರೆ ಬಣ್ಣ ನಿಲ್ಲುತ್ತಾ?

ಜಾಲಹಳ್ಳಿ ರಿವೆಟ್ · ಜುಲೈ 6

ಸರ್, ಮೊದಲು ಒಂದು ತಾರೀಖು ಹಿಡಿದುಕೊಳ್ಳಿ. ಬಣ್ಣ ತಾನಾಗಿ ಬರುತ್ತೆ. ಹೊಸಬರಿಗೆಲ್ಲ ನಾನು ಹೇಳುವುದು ಇದೊಂದೇ. "ಸ್ಪಿಟ್‌ಫೈರ್ ಮಾಡುತ್ತೇನೆ" ಅಂದರೆ ಸಾಲದು. ಯಾವ ತಿಂಗಳಿನ ಸ್ಪಿಟ್‌ಫೈರ್?

ನಿಮ್ಮ ಸ್ಕ್ವಾಡ್ರನ್ ವಿಷಯದಲ್ಲಿ ಇದು ಜಾಸ್ತಿ ಮುಖ್ಯ. ಶುರುವಾಗಿದ್ದು 1941ರ ಜೂನ್. ಆಗ ಬ್ರಿಟನ್ನಿನ ಫೈಟರ್‌ಗಳಿಗೆ ಮೇಲೆ ಡಾರ್ಕ್ ಗ್ರೀನ್ ಮತ್ತು ಡಾರ್ಕ್ ಅರ್ತ್, ಹೊಟ್ಟೆಗೆ ಸ್ಕೈ ಅನ್ನುವ ತಿಳಿ ಹಸಿರು. ಆಗಸ್ಟ್ ಮಧ್ಯದಲ್ಲಿ ಆದೇಶ ಬದಲಾಯಿತು. ಕಂದಿನ ಜಾಗಕ್ಕೆ ಓಶನ್ ಗ್ರೇ ಬಂತು, ಹೊಟ್ಟೆಗೆ ಮೀಡಿಯಂ ಸೀ ಗ್ರೇ. ರೆಕ್ಕೆಯ ಮುಂದಿನ ಅಂಚಿಗೆ ಹಳದಿ ಪಟ್ಟಿ ಬಂತು. ಕಾದಾಟ ಇಂಗ್ಲೆಂಡಿನ ಹೊಲಗಳ ಮೇಲಿಂದ ಇಂಗ್ಲಿಷ್ ಕಾಲುವೆ ಮತ್ತು ಫ್ರಾನ್ಸ್ ಕಡೆಗೆ ಸರಿದಿತ್ತು. ಎತ್ತರದಲ್ಲಿ, ನೀರಿನ ಮೇಲೆ ಕಂದು ಬಣ್ಣ ಮರೆ ಮಾಡುತ್ತಿರಲಿಲ್ಲ.

ನಿಮ್ಮ ಸ್ಕ್ವಾಡ್ರನ್ ಮೊದಲು ಮಾರ್ಕ್ 1 ಹಾರಿಸಿ, ಆಮೇಲೆ ಮಾರ್ಕ್ 5ಕ್ಕೆ ಹೋಯಿತು. ಹಾಗಾಗಿ ಮಾರ್ಕ್ 1 ಮಾಡಿದರೆ ಕಂದು-ಹಸಿರು. 1942ರ ಮಾರ್ಕ್ 5 ಆದರೆ ಬೂದು-ಹಸಿರು. ಎರಡು ಕಿಟ್ ಕಲಸಿಬಿಡಬೇಡಿ. ರೆಕ್ಕೆ ಕೆಳಗೆ ನೋಡಿ: ಮಾರ್ಕ್ 1ರ ಆಯಿಲ್ ಕೂಲರ್ ಅರ್ಧ ಕೊಳವೆ ತರ ಚಪ್ಪಟೆ, ಮಾರ್ಕ್ 5ರದ್ದು ದುಂಡಗೆ, ದೊಡ್ಡದು.

ದೇಶದ ಗುರುತಿನ ವೃತ್ತಗಳೂ ಹಾಗೇ. 1942ರ ಮೇ ತಿಂಗಳ ತನಕ ಪಕ್ಕದ ವೃತ್ತಕ್ಕೆ ದಪ್ಪ ಹಳದಿ ಉಂಗುರ. ಆಮೇಲೆ ಹಳದಿಯೂ ಬಿಳಿಯೂ ಸಣ್ಣಗಾದವು. ರೆಕ್ಕೆ ಮೇಲಿನ ವೃತ್ತದಲ್ಲಿ ನೀಲಿ, ಕೆಂಪು ಎರಡೇ. ಅಲ್ಲಿ ಬಿಳಿ ಇಟ್ಟರೆ ತಪ್ಪು.

ಮಲ್ಲೇಶ್ವರಂ ಎಂಟನೇ ಕ್ರಾಸ್ · ಜುಲೈ 6

ರಿವೆಟ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆದೇಶ ಬಂದಾಗ ಅಷ್ಟು ಓಶನ್ ಗ್ರೇ ಬಣ್ಣ ಸ್ಕ್ವಾಡ್ರನ್‌ಗಳ ಹತ್ತಿರ ಇರಲಿಲ್ಲ. ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು ಕಪ್ಪು ಬೆರೆಸಿ ಬಳಿಯಿರಿ ಅಂತ ಹೇಳಿದ್ದರು. ಆದ್ದರಿಂದ 1941ರ ಕೊನೆಯ ವಿಮಾನ ಮಾಡುವವರು ಓಶನ್ ಗ್ರೇ ಬಾಟಲಿ ಸಿಗಲಿಲ್ಲ ಅಂತ ಕೈ ಕಟ್ಟಿ ಕೂರಬೇಕಿಲ್ಲ. ನಾನು ಒಂದು ಸಲ ಅದೇ ಲೆಕ್ಕದಲ್ಲಿ ಬೆರೆಸಿದೆ. ಏಳು ಹನಿ, ಒಂದು ಹನಿ. ನೀಲಿ ಛಾಯೆ ಇಲ್ಲದ ಬೂದು ಬಂತು. ಬಾಟಲಿಯ ಓಶನ್ ಗ್ರೇ ಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಬಣ್ಣದ ನಂಬರ್ ಬೇಕಾದರೆ: ಹಂಬ್ರೋಲ್ ಎನಾಮಲ್‌ನಲ್ಲಿ 29 ಡಾರ್ಕ್ ಅರ್ತ್, 30 ಡಾರ್ಕ್ ಗ್ರೀನ್, 90 ಸ್ಕೈ. ಟಮಿಯಾ ಅಕ್ರಿಲಿಕ್‌ನಲ್ಲಿ ಬೂದು ಸ್ಕೀಮಿಗೆ ಎಕ್ಸ್‌ಎಫ್-81, 82, 83 ಮೂರೂ ಸಾಕು.

ಗಾಂಧಿಬಜಾರ್ 72 · ಜುಲೈ 7

ಇಷ್ಟು ಬೇಗ ಇಷ್ಟು ವಿವರ! ತೀರ್ಮಾನ ಮಾಡಿದೆ. 1941ರ ಜುಲೈ. ಮಾರ್ಕ್ 1, ಕಂದು-ಹಸಿರು. ಸ್ಕ್ವಾಡ್ರನ್ ಹುಟ್ಟಿದ ಹೊಸತು. ಆ ಬಣ್ಣ ಅವರ ಹತ್ತಿರ ಎರಡೇ ತಿಂಗಳು ಇದ್ದಿದ್ದು, ಅದಕ್ಕೇ ಅದು ಬೇಕು ಅನಿಸಿತು.

ಇನ್ನೊಂದು ವಿಷಯ ಮನಸ್ಸಿಗೆ ಬಂತು. ಇಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರುವಾಗಿದ್ದು 1940ರ ಡಿಸೆಂಬರ್. ವಾಲ್‌ಚಂದ್ ಹೀರಾಚಂದ್ ಜೊತೆ ಮೈಸೂರು ಸರ್ಕಾರವೂ ಹಣ ಹಾಕಿತ್ತು. ಇಲ್ಲಿ ಜೋಡಿಸಿದ ಮೊದಲ ವಿಮಾನ ಹಾರ್ಲೋ ಟ್ರೇನರ್ ಹಾರಿದ್ದು 1941ರ ಆಗಸ್ಟ್‌ನಲ್ಲಿ. ಅಂದರೆ ಅಲ್ಲಿ ಮೈಸೂರು ಹೆಸರಿನ ಸ್ಪಿಟ್‌ಫೈರ್‌ಗಳು ಬಣ್ಣ ಬದಲಾಯಿಸುತ್ತಿದ್ದ ತಿಂಗಳೇ ಇಲ್ಲಿ ಮೈಸೂರು ಸಂಸ್ಥಾನದ ನೆಲದಲ್ಲೇ ಜೋಡಿಸಿದ ಮೊದಲ ವಿಮಾನ ಎದ್ದಿತ್ತು. ನನ್ನ ತಂದೆ ಎಚ್‌ಎಎಲ್‌ನಲ್ಲಿ 31 ವರ್ಷ ದುಡಿದವರು. ಅವರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅರ್ಧ ಗಂಟೆ ಮಾತಾಡಿದರು.

ವಿಜಯನಗರದ ಕುಂಚ · ಜುಲೈ 7

ಗಂಡಭೇರುಂಡದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಹೇಳುತ್ತೇನೆ. ನಾನು ಮೈಸೂರು ಶೈಲಿಯ ಚಿತ್ರ ಕಲಿತವಳು, ಹತ್ತು ವರ್ಷದಿಂದ ಮಾಡೆಲ್‌ಗೂ ಬಣ್ಣ ಬಳಿಯುತ್ತೇನೆ.

ಮೂತಿಯ ಮೇಲೆ ಬರೆಯಬೇಡಿ ಸರ್. ನೀವು ಮಾಡುತ್ತಿರುವ ವಿಮಾನದ ಫೋಟೋದಲ್ಲಿ ಲಾಂಛನ ಕಂಡರೆ ಮಾತ್ರ ವಿಮಾನದ ಮೇಲೆ ಹಾಕಿ. ಆಸೆಗೆ ಬಿದ್ದು ಬರೆದರೆ ಅದು ನಿಜವಾದ ವಿಮಾನ ಆಗಲ್ಲ, ನಮ್ಮ ಕಲ್ಪನೆ ಆಗುತ್ತೆ. ಪೀಠದ ಮೇಲೆ ಬರೆಯಿರಿ. ಪೀಠ ನಿಮ್ಮದು. ಅಲ್ಲಿ ಗಂಡಭೇರುಂಡ ಇರಲಿ, ಸ್ಕ್ವಾಡ್ರನ್ನಿನ ಹೆಸರು ಇರಲಿ.

ಅಳತೆಯ ಲೆಕ್ಕವನ್ನೂ ನೋಡಿ. ಸ್ಪಿಟ್‌ಫೈರ್ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್. ನಿಮ್ಮ ಅಳತೆಯಲ್ಲಿ 15.6 ಸೆಂಟಿಮೀಟರ್. ಮೂತಿಯ ಮೇಲೆ ಹಕ್ಕಿ ಬರೆದರೆ ಮೂರ್ನಾಲ್ಕು ಮಿಲಿಮೀಟರ್ ಜಾಗ. ಎರಡು ತಲೆ, ರೆಕ್ಕೆ, ಬಾಲ ಎಲ್ಲಾ ಸೇರಿ ಒಂದು ಮಚ್ಚೆ ತರ ಕಾಣುತ್ತೆ. ಪೀಠದ ಮೇಲೆ ಎರಡು ಇಂಚು ಜಾಗ ಕೊಟ್ಟರೆ ಗರಿ ಗರಿ ಬಿಡಿಸಬಹುದು. ಬೇಕಿದ್ದರೆ ನಾನು ಬರೆದು ಕೊಡುತ್ತೇನೆ.

ಗಾಂಧಿಬಜಾರ್ 72 · ಜುಲೈ 7

ಮೇಡಂ, ಖಂಡಿತ ಬರೆದುಕೊಡಿ. ತೇಗದ ಒಂದು ತುಂಡು ಇದೆ, ನಮ್ಮಜ್ಜನ ಮನೆಯ ಹಳೇ ಬಾಗಿಲಿನದ್ದು. ಅದನ್ನೇ ತರುತ್ತೇನೆ.

ಹನುಮಂತನಗರ ಹರಿಕೇನ್ · ಜುಲೈ 9

ಅಂಕಲ್, ನಾನು ಸೆಕೆಂಡ್ ಪಿಯು. ನನ್ನದು ಮೊದಲ ಕಿಟ್, ಹರಿಕೇನ್. ಬರ್ಮಾ ಯುದ್ಧದ ನಮ್ಮ ಇಂಡಿಯನ್ ಏರ್‌ಫೋರ್ಸ್ ವಿಮಾನ ಮಾಡಬೇಕು ಅಂತ. ಡಾರ್ಕ್ ಗ್ರೀನ್, ಡಾರ್ಕ್ ಅರ್ತ್ ಬಳಿದು ಮುಗಿಸಿದ್ದೇನೆ. ಕಿಟ್ಟಲ್ಲಿ ಬಂದ ಕೆಂಪು-ಬಿಳಿ-ನೀಲಿ ವೃತ್ತ ಅಂಟಿಸಬಹುದಾ? ನಾಳೆ ಅಂಟಿಸಬೇಕು ಅಂತಿದ್ದೇನೆ.

ಜಾಲಹಳ್ಳಿ ರಿವೆಟ್ · ಜುಲೈ 9

ನಿಲ್ಲಪ್ಪ, ಅಂಟಿಸಬೇಡ! ಬರ್ಮಾದಲ್ಲಿ ಕೆಂಪು ಇರಲಿಲ್ಲ.

ಜಪಾನಿ ವಿಮಾನಗಳ ಗುರುತು ಕೆಂಪು ಸೂರ್ಯ. ಕಾಡಿನ ಮೇಲೆ, ಮೋಡದ ಮಧ್ಯೆ ಒಂದು ಕ್ಷಣ ಕೆಂಪು ಚುಕ್ಕೆ ಕಂಡರೆ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸುವ ಅಪಾಯ. ಅದಕ್ಕೆ ಆಗ್ನೇಯ ಏಷ್ಯಾದ ಸ್ಕ್ವಾಡ್ರನ್‌ಗಳು ಕೆಂಪನ್ನು ತೆಗೆದುಹಾಕಿದವು. ಕಡು ನೀಲಿ ವೃತ್ತ, ಮಧ್ಯೆ ತಿಳಿ ನೀಲಿ. ಬಾಲದ ಮೇಲಿನ ಪಟ್ಟಿಯೂ ಅದೇ ಎರಡು ಬಣ್ಣ. 1945ಕ್ಕೆ ಬಂದರೆ ರೆಕ್ಕೆ ಮತ್ತು ಬಾಲಕ್ಕೆ ದಪ್ಪ ಬಿಳಿ ಪಟ್ಟಿಗಳೂ ಸಿಗುತ್ತವೆ, ದೂರದಿಂದ ಗುರುತು ಹಿಡಿಯಲು.

ಯಾವ ಸ್ಕ್ವಾಡ್ರನ್ ಅಂತ ಇನ್ನೂ ತೀರ್ಮಾನ ಮಾಡಿಲ್ಲ ಅಂದರೆ ನಂಬರ್ 1 ಸ್ಕ್ವಾಡ್ರನ್ ತಗೋ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅದನ್ನು ಹರಿಕೇನ್‌ಗಳ ಜೊತೆ ಮುನ್ನಡೆಸಿದರು. ಅವರಿಗೆ ಡಿಎಫ್‌ಸಿ ಶೌರ್ಯ ಪದಕ ಬಂದಿದ್ದು ಅಲ್ಲೇ. ಮುಂದೆ ಅವರೇ ವಾಯುಪಡೆಯ ಮಾರ್ಷಲ್ ಆದರು.

ಹನುಮಂತನಗರ ಹರಿಕೇನ್ · ಜುಲೈ 9

ಥ್ಯಾಂಕ್ಸ್ ಅಂಕಲ್. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಇನ್ನೂ ನೀರಿಗೆ ಹಾಕಿರಲಿಲ್ಲ. ತಿಳಿ ನೀಲಿ ವೃತ್ತ ಎಲ್ಲಿ ಸಿಗುತ್ತೆ? ಆನ್‌ಲೈನ್ ನೋಡಿದೆ, ಡೆಕಾಲ್ ಹಾಳೆಯ ಬೆಲೆ ಕಿಟ್ಟಿಗಿಂತ ಜಾಸ್ತಿ.

ವಿಜಯನಗರದ ಕುಂಚ · ಜುಲೈ 9

ಕೊಳ್ಳಬೇಡ ಮರಿ. ಬಳಿ. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸು. ಜಾಮೆಟ್ರಿ ಬಾಕ್ಸಿನ ಡಿವೈಡರ್ ಇದೆಯಲ್ಲ, ಅದರ ಎರಡೂ ಮೊನೆ ಉಪಯೋಗಿಸಿ ಟೇಪಿನ ಮೇಲೆ ವೃತ್ತ ಗೀರು. ಒಂದೇ ಸಲ ಒತ್ತಬೇಡ, ಹಗುರವಾಗಿ ಏಳೆಂಟು ಸುತ್ತು ತಿರುಗಿಸು. ದುಂಡಗೆ ಕತ್ತರಿಸಿ ಬರುತ್ತೆ. ಮೊದಲು ತಿಳಿ ನೀಲಿ ಹೊಡೆ, ಒಣಗಿದ ಮೇಲೆ ಒಳಗಿನ ಬಿಲ್ಲೆ ಅಂಟಿಸಿ ಮುಚ್ಚು, ಆಮೇಲೆ ಕಡು ನೀಲಿ. ತಿಳಿ ನೀಲಿಗೆ ಬೇರೆ ಬಾಟಲಿ ಬೇಡ, ಅದೇ ಕಡು ನೀಲಿಗೆ ಬಿಳಿ ಬೆರೆಸು.

ಮಲ್ಲೇಶ್ವರಂ ಎಂಟನೇ ಕ್ರಾಸ್ · ಜುಲೈ 10

ಬೆಲೆ ಬಗ್ಗೆ ಹುಡುಗ ಹೇಳಿದ್ದು ನಿಜ. ಹೊರಗಿಂದ ಬರುವ ಆಟಿಕೆ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಸ್ಕೇಲ್ ಮಾಡೆಲ್‌ಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆ ಜೊತೆಗೇ ಬರುತ್ತವೆ. ಪಾಕೆಟ್ ಮನಿ ಕೂಡಿಸಿ ಕಿಟ್ ಕೊಳ್ಳುವ ಮಕ್ಕಳಿಗೆ ಇದು ದೊಡ್ಡ ಹೊರೆ. ನನ್ನ ಹತ್ತಿರ ಎರಡು ಸಲ ಕೊಂಡ ಕಿಟ್‌ಗಳಿವೆ. ಹನುಮಂತನಗರದ ಹುಡುಗನಿಗೆ ಒಂದು ಎತ್ತಿಟ್ಟಿದ್ದೇನೆ, ಬಂದು ತಗೊಂಡು ಹೋಗಲಿ.

ಬೆಳ್ಳಂದೂರು ಕೆಟಲೀನಾ · ಜುಲೈ 12

ಮೂರನೇ ಪ್ರಶ್ನೆ ಮಳೆಯದ್ದು. ಅದನ್ನು ನಾನು ಅನುಭವಿಸಿದ್ದೇನೆ.

ಹೋದ ಆಗಸ್ಟ್‌ನಲ್ಲಿ ಸಂಜೆ ಆರಕ್ಕೆ, ಹೊರಗೆ ಜಿಟಿಜಿಟಿ ಮಳೆ, ಬಾಲ್ಕನಿಯಲ್ಲಿ ಲ್ಯಾಕರ್ ಕ್ಲಿಯರ್ ಕೋಟ್ ಹೊಡೆದೆ. ಐದು ನಿಮಿಷಕ್ಕೆ ಇಡೀ ರೆಕ್ಕೆ ಮೇಲೆ ಬಿಳಿ ಮಬ್ಬು ಕೂತಿತು. ಬೂದಿ ಸವರಿದ ಹಾಗೆ. ಎರಡು ತಿಂಗಳ ಕೆಲಸ. ನೋಡಿ ಹೊಟ್ಟೆ ಉರಿಯಿತು. ಆಗಿದ್ದು ಇಷ್ಟು: ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅದರ ಮೇಲೆ ಇಳಿದು ಪದರದಲ್ಲಿ ಸಿಕ್ಕಿಕೊಳ್ಳುತ್ತೆ. ಮಾರನೇ ದಿನ ಬಿಸಿಲು ಬಂದಾಗ ಬರೀ ತಿನ್ನರ್‌ಗೆ ಬಣ್ಣ ನಿಧಾನಕ್ಕೆ ಆರುವಂತೆ ಮಾಡುವ ರಿಟಾರ್ಡರ್ ನಾಲ್ಕು ಹನಿ ಬೆರೆಸಿ ತೆಳ್ಳಗೆ ಒಂದು ಕೈ ಹೊಡೆದೆ. ಮುಕ್ಕಾಲು ಪಾಲು ಮಬ್ಬು ಹೋಯಿತು.

ಈಗ ಮಳೆಗಾಲದಲ್ಲಿ ನನ್ನ ಕ್ರಮ ಬೇರೆ. ಬಣ್ಣದ ಕೆಲಸ ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ಮಾತ್ರ. ಕಂಪ್ರೆಸರ್‌ಗೆ ನೀರು ಹಿಡಿಯುವ ಬಟ್ಟಲು ಕಡ್ಡಾಯ. ಹದಿನೈದು ನಿಮಿಷಕ್ಕೊಮ್ಮೆ ಅದನ್ನು ಖಾಲಿ ಮಾಡದಿದ್ದರೆ ಬ್ರಶ್ಶಿನಿಂದ ಬಣ್ಣದ ಜೊತೆ ನೀರಿನ ಹನಿ ಉಗುಳುತ್ತೆ. ಬಣ್ಣದ ಹದ ನೀರುಮಜ್ಜಿಗೆ ತರ ಇರಬೇಕು. ದೋಸೆ ಹಿಟ್ಟಿನ ತರ ಇದ್ದರೆ ನಳಿಕೆ ಕಟ್ಟುತ್ತೆ. ಒತ್ತಡ 15 ಪಿಎಸ್‌ಐ ಸುತ್ತಮುತ್ತ.

ರಟ್ಟಿನ ಪೆಟ್ಟಿಗೆಗೆ ಫ್ಯಾನ್ ಕೂರಿಸಿ ಬೂತ್ ಮಾಡಿಕೊಳ್ಳುವವರು ಗಮನಿಸಿ. ಅಡುಗೆಮನೆಯ ಮಾಮೂಲಿ ಎಕ್ಸಾಸ್ಟ್ ಫ್ಯಾನಿನ ಮೋಟರ್ ಹೊಗೆಯ ದಾರಿಯಲ್ಲೇ ಇರುತ್ತೆ. ಲ್ಯಾಕರ್ ಆವಿಗೆ ಕಿಡಿ ತಾಗಿದರೆ ಅನಾಹುತ. ಅಂಥ ಬೂತ್‌ನಲ್ಲಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ಮಾತ್ರ ಹೊಡೆಯಿರಿ. ಬಟ್ಟೆ ಮಾಸ್ಕ್ ಸಾಲದು, ಆವಿ ಹಿಡಿಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಹುಷಾರು.

ಜಾಲಹಳ್ಳಿ ರಿವೆಟ್ · ಜುಲೈ 12

ಪ್ರೈಮರ್‌ಗೆ ಜೆ.ಸಿ. ರೋಡಿನಲ್ಲಿ ಕಾರಿಗೆ ಹೊಡೆಯುವ ಸ್ಪ್ರೇ ಡಬ್ಬ ತರುವವರಿದ್ದಾರೆ. ಕೆಲವು ಚೆನ್ನಾಗಿರುತ್ತವೆ, ಕೆಲವು ಪ್ಲಾಸ್ಟಿಕ್ಕನ್ನೇ ಕರಗಿಸಿ ಪ್ಯಾನಲ್ ಗೆರೆ ಅಳಿಸುತ್ತವೆ. ಮೊದಲು ಸ್ಪ್ರೂ (ಕಿಟ್ಟಿನ ಬಿಡಿಭಾಗ ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟು) ತುಂಡಿನ ಮೇಲೆ ಹೊಡೆದು ಒಂದು ರಾತ್ರಿ ಬಿಡಿ. ಬೆಳಗ್ಗೆ ಉಗುರಿನಲ್ಲಿ ಗೀರಿ ನೋಡಿ.

ಕೊಡಗಿನ ಮಿಸ್ಟೇರ್ · ಜುಲೈ 15

ತಾರೀಖು ಹಿಡಿದುಕೊಳ್ಳಿ ಅನ್ನುವ ಮಾತಿಗೆ ನನ್ನದೂ ಒಂದು ಇದೆ. ಊರು ಕೊಡಗು, ಈಗ ಇರುವುದು ಆರ್.ಟಿ. ನಗರ.

ನನ್ನ ತಾರೀಖು 1965ರ ಸೆಪ್ಟೆಂಬರ್ 7. ಆ ಬೆಳಗ್ಗೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ನಂಬರ್ 1 ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ಕಡೆ ಹೋದರು. ಎದುರಿಗೆ ಬಂದದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್, ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಅದಕ್ಕಿಂತ ಹಳೆಯ ಕಾಲದ್ದು. ಗುಂಡೇಟು ತಿಂದ ಮೇಲೂ ದೇವಯ್ಯ ತಿರುಗಿ ಕಾದಾಡಿ ಸ್ಟಾರ್‌ಫೈಟರನ್ನು ಕೆಡವಿದರು. ಅವರು ಮರಳಿ ಬರಲಿಲ್ಲ. ಅವರಿಂದಲೇ ಅದು ಬಿತ್ತು ಅನ್ನುವುದು ಇಲ್ಲಿಯವರಿಗೆ ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ.

ನಮ್ಮಜ್ಜಿ ಈ ಕಥೆ ಹೇಳುವಾಗ ವಿಮಾನದ ಹೆಸರು "ಮಿಸ್ತ್ರಿ" ಅನ್ನುತ್ತಿದ್ದರು. ಚಿಕ್ಕವನಿದ್ದಾಗ ನಾನು ಅದು ಯಾರೋ ಮನುಷ್ಯನ ಹೆಸರು ಅಂದುಕೊಂಡಿದ್ದೆ. ಈಗ ಅದೇ ವಿಮಾನವನ್ನು ಮೇಜಿನ ಮೇಲೆ ಕಟ್ಟುತ್ತಿದ್ದೇನೆ. ಎರಡು ಸಲ ಬಣ್ಣ ಕಿತ್ತು ಮತ್ತೆ ಬಳಿದೆ. ಬರಿ ಲೋಹದ ಹೊಳಪು ತರುವುದು ಬಹಳ ಕಷ್ಟ. ಕೆಳಗಿನ ಹೊಳೆಯುವ ಕಪ್ಪು ಪದರದಲ್ಲಿ ಒಂದು ಕೂದಲು ಬಿದ್ದಿದ್ದರೂ ಬೆಳ್ಳಿ ಬಣ್ಣದ ಮೇಲೆ ಎದ್ದು ಕಾಣುತ್ತೆ. ಬೆಳ್ಳಿ ಬಣ್ಣ ಮರೆಮಾಚುವುದಿಲ್ಲ, ತೋರಿಸಿಕೊಡುತ್ತೆ. ಈಗ ಪ್ರತಿ ಪದರದ ನಂತರ 4000 ನಂಬರಿನ ಕಾಗದದಲ್ಲಿ ಒದ್ದೆ ಮಾಡಿ ಉಜ್ಜುತ್ತೇನೆ. ಕೆನ್ನೆಗೆ ತಾಗಿಸಿದರೆ ಗಾಜಿನ ಹಾಗಿರಬೇಕು. ಅಲ್ಲಿಯ ತನಕ ಬಿಡಲ್ಲ.

ಗಾಂಧಿಬಜಾರ್ 72 · ಜುಲೈ 15

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮುಗಿದ ಮೇಲೆ ಫೋಟೋ ಹಾಕಿ, ಮರೆಯಬೇಡಿ.

ಬೆಳ್ಳಂದೂರು ಕೆಟಲೀನಾ · ಜುಲೈ 20

ನನ್ನ ಹೆಸರು ಯಾಕೆ ಹೀಗಿದೆ ಅಂತ ಒಬ್ಬರು ಕೇಳಿದ್ದರು. ಯುದ್ಧದ ಕಾಲದಲ್ಲಿ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಸೇನೆಯ ರಿಪೇರಿ ಕೇಂದ್ರವಾಗಿತ್ತು. ಕೆಟಲೀನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗೆ ಹೋಗುತ್ತಿದ್ದವು. ನಾವು ನೊರೆ ನೋಡಿ ಮೂಗು ಮುಚ್ಚಿಕೊಂಡು ದಾಟುವ ಅದೇ ಕೆರೆ. ನನ್ನ ಫ್ಲ್ಯಾಟಿನಿಂದ ಅದರ ಒಂದು ಮೂಲೆ ಕಾಣುತ್ತೆ.

1/72ರಲ್ಲಿ ಕೆಟಲೀನಾ ರೆಕ್ಕೆ 44 ಸೆಂಟಿಮೀಟರ್. ಅದನ್ನು ಕೆರೆಯ ನೀರಿನ ಮೇಲೆ ಕೂರಿಸುತ್ತಿದ್ದೇನೆ. ರೆಸಿನ್ ನೀರು ಹುಯ್ಯುವ ಮುಂಚೆ ತಳಕ್ಕೆ ಕಂದು ಹಸಿರು ಬಳಿದಿದ್ದೇನೆ, ನಮ್ಮ ಕಡೆ ಕೆರೆ ನೀರು ಸಮುದ್ರದ ನೀಲಿ ಇರಲ್ಲ ಅಲ್ವಾ. ದಡದಲ್ಲಿ ಜೊಂಡು, ಒಂದು ಎಮ್ಮೆ, ತಲೆ ಮೇಲೆ ಬಟ್ಟೆ ಗಂಟು ಹೊತ್ತ ಒಬ್ಬ ಹೆಂಗಸು. ಎಮ್ಮೆಗೆ ಎರಡು ವಾರ ಹಿಡಿಯಿತು.

ಜಾಲಹಳ್ಳಿ ರಿವೆಟ್ · ಜುಲೈ 20

ಇನ್ನೂ ಒಂದಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಕೆಡಿಸಿ ಬಿಟ್ಟು ಹೋಗಿದ್ದರು. ಎಚ್‌ಎಎಲ್‌ನ ಪೈಲಟ್ ಜಮ್‌ಶೇದ್ ಮುನ್ಶಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಸರಿಪಡಿಸಿದ ಮೇಲೆ 1948ರ ನವೆಂಬರ್‌ನಲ್ಲಿ ಅವುಗಳಿಂದಲೇ 5ನೇ ಸ್ಕ್ವಾಡ್ರನ್ ಶುರುವಾಯಿತು. 1968ರ ತನಕ ಹಾರಿದವು. ಇವತ್ತು ಬ್ರಿಟನ್, ಅಮೆರಿಕ, ಕೆನಡಾ ಮ್ಯೂಸಿಯಂಗಳಲ್ಲಿ ನಮ್ಮ ವಾಯುಪಡೆಯಿಂದ ಹೋದ ಲಿಬರೇಟರ್‌ಗಳಿವೆ.

ಲಿಬರೇಟರ್ ಕಟ್ಟುವವರಿಗೆ ಒಂದು ಎಚ್ಚರಿಕೆ. ಮೂರು ಗಾಲಿ ಮೇಲೆ ನಿಲ್ಲುವ ವಿಮಾನ, ಮೂತಿಯಲ್ಲಿ ಭಾರ ಹಾಕದಿದ್ದರೆ ಬಾಲದ ಮೇಲೆ ಕೂರುತ್ತೆ. ಮೀನಿನ ಗಾಳದ ಸೀಸದ ಗುಂಡು ಹಾಕುತ್ತಾರೆ. ಹಾಕಿ, ಆದರೆ ಬಿಳಿ ಮರದ ಗೋಂದಿನಲ್ಲಿ ಅಂಟಿಸಬೇಡಿ. ಸೀಸ ವರ್ಷಗಟ್ಟಲೆ ನಿಧಾನಕ್ಕೆ ಬಿಳಿ ಪುಡಿಯಾಗಿ ಉಬ್ಬುತ್ತೆ, ಮೂತಿ ಸೀಳಿಕೊಳ್ಳುತ್ತೆ. ಎಪಾಕ್ಸಿ ಹಾಕಿ.

ಗಾಂಧಿಬಜಾರ್ 72 · ಆಗಸ್ಟ್ 17

ವರದಿ. ಕಂದು-ಹಸಿರು ಮುಗಿಯಿತು. ಎರಡು ಬಣ್ಣ ಸೇರುವ ಅಂಚಿಗೆ ಬ್ಲೂ ಟ್ಯಾಕ್ ಅನ್ನುವ ಮೆತ್ತನೆ ಅಂಟನ್ನು ಚಕ್ಕುಲಿ ಎಳೆ ತರ ಹೊಸೆದು ಇಟ್ಟೆ, ಅಂಚು ಸ್ವಲ್ಪವೇ ಮೆತ್ತಗೆ ಬಂತು. ಬಾಲದ ಮುಂದಿನ ಸ್ಕೈ ಪಟ್ಟಿ ನಿಜವಾದ ವಿಮಾನದಲ್ಲಿ 18 ಇಂಚು. 72ರಿಂದ ಭಾಗಿಸಿದರೆ 6.35 ಮಿ.ಮೀ. ಮಗಳು ಸ್ಕೇಲ್ ಹಿಡಿದು ಟೇಪ್ ಕತ್ತರಿಸಿಕೊಟ್ಟಳು.

ಒಂದು ಎಡವಟ್ಟು. ಕಾಕ್‌ಪಿಟ್ ಗಾಜನ್ನು ಇನ್‌ಸ್ಟಂಟ್ ಗ್ಲೂ ಹಾಕಿ ಅಂಟಿಸಿದೆ. ಬೆಳಗ್ಗೆ ನೋಡಿದರೆ ಒಳಗೆಲ್ಲ ಮಂಜು. ಬಿಚ್ಚಿ ಟೂತ್‌ಪೇಸ್ಟ್‌ನಲ್ಲಿ ಉಜ್ಜಿದೆ, ಸುಮಾರಾಗಿ ಹೋಯಿತು. ಇನ್ನೇನಾದರೂ ಮಾಡಬಹುದಾ?

ವಿಜಯನಗರದ ಕುಂಚ · ಆಗಸ್ಟ್ 17

ಆ ಅಂಟಿನ ಆವಿಯಿಂದ ಹಾಗಾಗುತ್ತೆ. ಉಜ್ಜಿದ ಮೇಲೆ ಹೊಳಪಿನ ಕ್ಲಿಯರ್ ಅಕ್ರಿಲಿಕ್‌ನಲ್ಲಿ ಗಾಜನ್ನು ಒಂದು ಸಲ ಮುಳುಗಿಸಿ ತೆಗೆಯಿರಿ. ಟಿಶ್ಯೂ ಮೇಲೆ ನಿಲ್ಲಿಸಿ, ಮೇಲೆ ಬಟ್ಟಲು ಬೋರಲು ಹಾಕಿ. ಮತ್ತೆ ಅಂಟಿಸುವಾಗ ಬಿಳಿ ಗೋಂದು ಸಾಕು. ಇಲ್ಲಿ ಸೀಸ ಇಲ್ಲವಲ್ಲ, ತೊಂದರೆ ಇಲ್ಲ.

ಮಲ್ಲೇಶ್ವರಂ ಎಂಟನೇ ಕ್ರಾಸ್ · ಆಗಸ್ಟ್ 18

ಡೆಕಾಲ್‌ಗೆ ಮುಂಚೆ ಹೊಳಪಿನ ಕ್ಲಿಯರ್ ಕೋಟ್ ಮರೆಯಬೇಡಿ. ಮ್ಯಾಟ್ ಬಣ್ಣ ಸೂಕ್ಷ್ಮವಾಗಿ ನೋಡಿದರೆ ಮರಳುಕಾಗದ ಇದ್ದಂತೆ. ಡೆಕಾಲ್ ಕೆಳಗೆ ಗಾಳಿ ಉಳಿದು ಬೆಳ್ಳಿ ತರ ಹೊಳೆಯುತ್ತೆ. ಡಿ.ವಿ. ಅಕ್ಷರದ ಸುತ್ತ ಆ ಹೊಳಪು ಬಂದರೆ ಇಷ್ಟು ದಿನದ ಕೆಲಸ ಮಂಕಾಗುತ್ತೆ. ಬಂದೇಬಿಟ್ಟರೆ ಸೂಜಿಯಲ್ಲಿ ಸಣ್ಣ ಸಣ್ಣ ತೂತು ಚುಚ್ಚಿ ಡೆಕಾಲ್ ಮೆದು ಮಾಡುವ ಮೈಕ್ರೋ ಸಾಲ್ ದ್ರವ ಒಂದು ಹನಿ ಬಿಡಿ.

ಕೊನೆಯಲ್ಲಿ ಗನ್‌ಗಳ ಬಾಯಿಗೆ ಕೆಂಪು ಬಟ್ಟೆಯ ತೇಪೆ. ಮಾರ್ಕ್ 1ಕ್ಕೆ ರೆಕ್ಕೆಯಲ್ಲಿ ಎಂಟು ಗನ್. ದೂಳು, ತೇವ ಒಳಗೆ ಹೋಗದಿರಲಿ ಅಂತ ಹಾರುವ ಮುಂಚೆ ತೇಪೆ ಅಂಟಿಸುತ್ತಿದ್ದರು.

ಹನುಮಂತನಗರ ಹರಿಕೇನ್ · ಸೆಪ್ಟೆಂಬರ್ 2

ಹರಿಕೇನ್ ಮುಗಿಯಿತು ಅಂಕಲ್! ನೀಲಿ ವೃತ್ತ ಡಿವೈಡರ್‌ನಲ್ಲೇ ಕತ್ತರಿಸಿದೆ. ಆರರಲ್ಲಿ ನಾಲ್ಕು ಚೆನ್ನಾಗಿ ಬಂತು, ಎರಡು ಮತ್ತೆ ಮಾಡಿದೆ. ಕಾಲೇಜಿನಲ್ಲಿ ಹಿಸ್ಟರಿ ಮೇಡಂಗೆ ತೋರಿಸಿದೆ. ಕೆಂಪು ಯಾಕಿಲ್ಲ ಅಂತ ಕೇಳಿದರು. ಕ್ಲಾಸಿನಲ್ಲಿ ಎಲ್ಲರ ಮುಂದೆ ನಾನೇ ವಿವರಿಸಿದೆ.

ಜಾಲಹಳ್ಳಿ ರಿವೆಟ್ · ಸೆಪ್ಟೆಂಬರ್ 2

ಶಭಾಷ್ ಕಣಪ್ಪ!

ಗಾಂಧಿಬಜಾರ್ 72 · ಮಹಾಲಯ ಅಮಾವಾಸ್ಯೆ ರಾತ್ರಿ

ಮುಗಿಯಿತು. ಕೊನೆಗೆ ಉಳಿದಿದ್ದು ಬಾಲದ ಚಿಕ್ಕ ರೆಕ್ಕೆಗಳ ತುದಿಯಿಂದ ಮೈಗೆ ಹೋಗುವ ಐಎಫ್‌ಎಫ್ (ವಿಮಾನ ನಮ್ಮದೋ ಶತ್ರುವಿನದೋ ಅಂತ ಗುರುತಿಸುವ ಸಾಧನ) ತಂತಿ, ಎರಡು ಕಡೆ ಒಂದೊಂದು. ದೇವರ ಮುಂದಿನ ದೀಪದ ಮೇಲೆ ಸ್ಪ್ರೂ ಬಿಸಿ ಮಾಡಿ ಎಳೆದೆ. ಕೂದಲಿಗಿಂತ ತೆಳ್ಳಗೆ ಬಂತು. ನಾಲ್ಕು ಸಲ ಮುರಿಯಿತು, ಐದನೇ ಸಲ ನಿಂತಿತು.

ವಿಜಯನಗರದ ಮೇಡಂ ಬರೆದ ಗಂಡಭೇರುಂಡ ಪೀಠದ ಮೇಲಿದೆ. ಗರಿಗಳಿಗೆ ಚಿನ್ನದ ಬಣ್ಣದ ಎಳೆ ಎಷ್ಟು ಸಣ್ಣ ಅಂದರೆ ಭೂತಕನ್ನಡಿ ಹಿಡಿದು ನೋಡಿದೆವು. ಕೆಳಗೆ ಕನ್ನಡದಲ್ಲಿ "129 ಮೈಸೂರು, ಜುಲೈ 1941".

ನಮ್ಮತ್ತೆ ನಿನ್ನೆಯೇ ಬಂದರು. ಪಟ್ಟದ ಗೊಂಬೆ ಇಟ್ಟಾದ ಮೇಲೆ ಈ ಪೀಠ ಕೈಗೆತ್ತಿಕೊಂಡು ಹಕ್ಕಿಯನ್ನು ಬಹಳ ಹೊತ್ತು ನೋಡಿದರು. ಮಗಳು ಪೂರ್ತಿ ಕಥೆ ಹೇಳಿದಳು, ನಾನು ಬಾಯಿ ಹಾಕಲಿಲ್ಲ. ಅತ್ತೆ ಅಂಬಾರಿ ಆನೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

ಮಗಳು ಈಗಲೇ ಮುಂದಿನ ವರ್ಷದ್ದು ಕೇಳುತ್ತಿದ್ದಾಳೆ. 129ನೇ ಸ್ಕ್ವಾಡ್ರನ್ 1944ರಲ್ಲಿ ಮಸ್ಟಾಂಗ್ ಹಾರಿಸಿತಲ್ಲ, ಜರ್ಮನರ ವಿ-1 ಹಾರುವ ಬಾಂಬ್‌ಗಳನ್ನು ಹೊಡೆದುರುಳಿಸಿದ್ದು ಅದರಲ್ಲೇ. ನಾರ್ಮಂಡಿ ದಾಳಿಯ ಕಪ್ಪು-ಬಿಳಿ ಪಟ್ಟಿ ಹಾಕಿ ಮಾಡಬೇಕಂತೆ.

ಜಾಲಹಳ್ಳಿ ರಿವೆಟ್ · ಮಹಾಲಯ ಅಮಾವಾಸ್ಯೆ ರಾತ್ರಿ

ಮಾಡಿ ಸರ್. ಬಿಳಿಯಿಂದ ಶುರು, ಬಿಳಿಯಲ್ಲಿ ಮುಗಿಯಬೇಕು, ಒಟ್ಟು ಐದು ಪಟ್ಟಿ. ಮಗಳು ಕತ್ತರಿಸಿದ ಟೇಪ್ ಉಳಿದಿದ್ದರೆ ಎತ್ತಿಡಿ. ಮಸ್ಟಾಂಗ್‌ನ ಪಟ್ಟಿಗಳೂ 18 ಇಂಚೇ.